ಬೆಕ್ಕಿನ ಬಟ್ಟಲಿನ ನೀರ ಲೆಕ್ಕ

ಬೇಸಿಗೆಯಲ್ಲಿ ಬೆಕ್ಕು ಒಂದಿಷ್ಟು ಹೆಚ್ಚು ನೀರು ಕುಡಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಟ್ಟಲು ದಿನಕ್ಕೆರಡು ಸಲ ಬರಿದಾಗುತ್ತಿದೆಯೇ? ಮರಳಿನ ಮೂಲೆ ಸದಾ ಹಸಿಯಾಗಿಯೇ ಇದೆಯೇ? ಕಿಡ್ನಿಯೋ, ಸಕ್ಕರೆಯೋ, ಥೈರಾಯ್ಡೋ ಒಳಗಿಂದ ಸುದ್ದಿ ಕಳಿಸುತ್ತಿರಬಹುದು. ಅದನ್ನು ಮೊದಲು ಓದಬಲ್ಲವರು ಮನೆಯವರೇ. ಬೇಕಾಗಿರುವುದು ಒಂದು ಅಳತೆ ಲೋಟ!

ಹೊಸಪೇಟೆಯ ತುಂಗಭದ್ರಾ (ಟಿ.ಬಿ.) ಡ್ಯಾಂನ ಹಳೆಯ ಕ್ವಾರ್ಟರ್ಸ್ ಸಾಲಿನಲ್ಲಿ ಮೇ ತಿಂಗಳ ನಸುಕು. ಹಿಂದಿನ ದಿನದ ಕಾವು ಗೋಡೆಯಿಂದ ಇನ್ನೂ ಇಳಿದಿಲ್ಲ. ಹಿತ್ತಲಲ್ಲಿ ಮಂಚ ಹಾಕಿಕೊಂಡು ಮಲಗಿದವರ ಕಿವಿಗೆ ಬಚ್ಚಲಮನೆಯಿಂದ ಒಂದೇ ಸಮನೆ ಲಪಲಪ ಸದ್ದು ಬೀಳುತ್ತಿದೆ.

ಎದ್ದು ಹೋಗಿ ನೋಡಿದರೆ ಮನೆಯ ಗಂಡು ಬೆಕ್ಕು ಕೆಂಚ, ಮುಂಗಾಲೆರಡನ್ನೂ ಬಕೀಟಿನ ಅಂಚಿಗೆ ಊರಿ, ಕತ್ತನ್ನು ಒಳಗಿಳಿಸಿ ನೀರು ನೆಕ್ಕುತ್ತಿದ್ದಾನೆ. ಟಾರ್ಚಿನ ಬೆಳಕು ಮೈಮೇಲೆ ಬಿದ್ದರೂ ತಲೆ ಎತ್ತಲಿಲ್ಲ. ಕುಡಿದು ಮುಗಿಸಿ ಕೆಳಗಿಳಿದವನು ಮೋರಿಯ ಬಾಯಿಗೆ ಹೋಗಿ ಕೂತ. ಬಹಳ ಹೊತ್ತು ಕೂತೇ ಇದ್ದ.

"ಬ್ಯಾಸಿಗಿ ಐತಿ, ಕುಡೀಲಿ ಬಿಡವಾ. ಮೂಕ ಪ್ರಾಣಿಗೂ ಸೆಕಿ ಆಗತೈತಿ" ಎಂದು ಅಜ್ಜಿ ಮಂಚದ ಮೇಲಿಂದಲೇ ಹೇಳಿದರು.

"ಅಲ್ಲತ್ತಿ, ರಾತ್ರಿ ತುಂಬಿಸಿಟ್ಟ ಬೋಗಾಣಿ ಖಾಲಿ ಐತಿ. ಈಗ ಬಕೀಟಿಗೆ ಬಂದಾನ" ಎಂದಳು ಸೊಸೆ.

ಇಂಥ ನಸುಕು ಈ ಊರಿನ ಎಷ್ಟೋ ಮನೆಗಳಲ್ಲಿ ಬಂದುಹೋಗಿರುತ್ತದೆ. ಹೆಚ್ಚಿನ ಮನೆಗಳಲ್ಲಿ ಅಜ್ಜಿಯ ಮಾತೇ ಗೆಲ್ಲುತ್ತದೆ. ಸೊಸೆಯ ಅನುಮಾನವನ್ನು ಯಾರಾದರೂ ಕೈಗೆತ್ತಿಕೊಂಡ ಮನೆಯಲ್ಲಿ ಬೆಕ್ಕಿಗೆ ವರ್ಷಗಳೇ ದಕ್ಕುತ್ತವೆ.

ಬೇಸಿಗೆಯ ಮೇಲೆ ಹಾಕಿದ ಅಪವಾದ

ಏಪ್ರಿಲ್, ಮೇ ಎಂದರೆ ಹೊಸಪೇಟೆ ಸೀಮೆಯಲ್ಲಿ ಪಾದರಸ 40 ಡಿಗ್ರಿಯ ಆಸುಪಾಸಿನಲ್ಲೇ ಆಡುವ ಕಾಲ. ಹಂಪಿಯ ಬಂಡೆಗಳು ಸಂಜೆ ಕಳೆದ ಮೇಲೂ ಕಾವು ಉಗುಳುತ್ತಿರುತ್ತವೆ. ದನ, ನಾಯಿ, ಕಾಗೆ, ಮನುಷ್ಯರು ಎಲ್ಲರೂ ನೀರಿಗೆ ಮುಗಿಬೀಳುವಾಗ ಬೆಕ್ಕೊಂದು ಜಾಸ್ತಿ ಕುಡಿದರೆ ಅನುಮಾನ ಬರುವುದಾದರೂ ಹೇಗೆ?

ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಬೆಕ್ಕಿಗೆ ಪಾದದಡಿಯ ಮೆತ್ತೆಗಳನ್ನು ಬಿಟ್ಟರೆ ಬೆವರಲು ಜಾಗ ಇಲ್ಲವೆಂದೇ ಹೇಳಬೇಕು. ಸೆಕೆಯಾದಾಗ ಅದು ಮೈಯನ್ನು ನೆಕ್ಕಿ ನೆಕ್ಕಿ ಎಂಜಲಿನಿಂದ ಒದ್ದೆ ಮಾಡಿಕೊಳ್ಳುತ್ತದೆ. ಎಂಜಲು ಆರುವಾಗ ಮೈ ತಣ್ಣಗಾಗುತ್ತದೆ. ಹಾಗೆ ಕಳೆದ ನೀರನ್ನು ತುಂಬಿಕೊಳ್ಳಲು ಒಂದಿಷ್ಟು ಹೆಚ್ಚು ಕುಡಿಯುತ್ತದೆ.

ಆದರೆ ಆ ನೀರು ಗಾಳಿಗೆ ಹೋಗಿಬಿಟ್ಟಿತಲ್ಲ, ಉಚ್ಚೆಯಾಗಿ ಹೊರಬರಲು ಉಳಿಯುವುದಿಲ್ಲ. ಬಿಸಿಲಿಗೆ ಬಾಯಾರಿದ ಆರೋಗ್ಯವಂತ ಬೆಕ್ಕಿನ ಉಚ್ಚೆ ಎಂದಿನಷ್ಟೇ ಇರುತ್ತದೆ ಅಥವಾ ಕಡಿಮೆಯಾಗುತ್ತದೆ. ಬಣ್ಣ ಗಾಢ, ವಾಸನೆ ಖಾರ. ಕುಡಿಯುವುದೂ ಹೆಚ್ಚು, ಉಚ್ಚೆಯೂ ಹೆಚ್ಚು ಎಂದಾಗ ಬೇಸಿಗೆಯನ್ನು ದೂರಿ ಪ್ರಯೋಜನವಿಲ್ಲ. ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ.

ವಾಸನೆಯ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಗಂಡು ಬೆಕ್ಕಿನ ಉಚ್ಚೆಯ ನಾತ ಗೊತ್ತಿದ್ದವರಿಗೆ ಗೊತ್ತು. ಅಂಥ ಬೆಕ್ಕು ಮೂಲೆಯಲ್ಲಿ ಉಚ್ಚೆ ಹೊಯ್ದರೂ ನಾತ ಬರುತ್ತಿಲ್ಲ, ಒರೆಸಿದ ಬಟ್ಟೆಯಲ್ಲಿ ಹಳದಿ ಬಣ್ಣವೂ ಕಾಣುತ್ತಿಲ್ಲ ಎಂದಾದರೆ ಮನೆಯವರಿಗೆ ನೆಮ್ಮದಿ ಎನಿಸುತ್ತದೆ. ಆದರೆ ಉಚ್ಚೆ ನೀರಿನಂತೆ ತೆಳುವಾಗಿದೆ ಎಂಬುದಕ್ಕೆ ಅದೇ ಗುರುತು.

ಮರುಭೂಮಿಯಿಂದ ಬಂದ ಪ್ರಾಣಿ

ಬೆಕ್ಕು ಮೂಲತಃ ಅಷ್ಟೊಂದು ನೀರು ಕುಡಿಯುವ ಪ್ರಾಣಿಯೇ ಅಲ್ಲ. ನಮ್ಮ ಮನೆಬೆಕ್ಕುಗಳ ಪೂರ್ವಜ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಒಣಭೂಮಿಯ ಕಾಡುಬೆಕ್ಕು, ಫೆಲಿಸ್ ಲಿಬಿಕಾ. ನೀರಿಲ್ಲದ ಸೀಮೆಯಲ್ಲಿ ಬದುಕಿ ಬಂದ ಈ ಕುಲಕ್ಕೆ ದೊಡ್ಡ ಆಸ್ತಿಯೆಂದರೆ ಅದರ ಕಿಡ್ನಿ. ಒಳಗೆ ಬಂದ ನೀರನ್ನು ಹಿಡಿದಿಟ್ಟುಕೊಂಡು ಕಸವನ್ನಷ್ಟೇ ಗಾಢ ಉಚ್ಚೆಯಾಗಿ ಹೊರಹಾಕುವುದರಲ್ಲಿ ಅದು ನಮ್ಮ ಕಿಡ್ನಿಯನ್ನು ಮೀರಿಸುತ್ತದೆ. ಬೆಕ್ಕು ಸಮುದ್ರದ ಉಪ್ಪುನೀರು ಕುಡಿದೂ ಬದುಕಬಲ್ಲದು ಎಂದು 1959ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ನಾವು ಕುಡಿದರೆ ಸಾಯುವ ನೀರು ಅದು.

ಕಂಪ್ಲಿ ಕಡೆ ಭತ್ತದ ಚೀಲಗಳ ನಡುವೆ ಇಲಿ ಹಿಡಿದು ತಿನ್ನುವ ಬೆಕ್ಕನ್ನು ನೋಡಿ. ನೀರಿನ ಬಟ್ಟಲಿನ ಹತ್ತಿರ ಸುಳಿಯುವುದೇ ಅಪರೂಪ. ಇಲಿಯ ಮೈಯಲ್ಲಿ ಸುಮಾರು 70 ಭಾಗ ನೀರೇ ಇರುವುದರಿಂದ ಊಟದ ಜೊತೆಗೇ ನೀರೂ ಸಿಕ್ಕಿಬಿಡುತ್ತದೆ. ಇತ್ತೀಚೆಗೆ ಹೊಸಪೇಟೆಯ ಅಂಗಡಿಗಳಲ್ಲೂ ಸಿಗುವ ಒಣ ಕಾಳಿನಂಥ ಬೆಕ್ಕಿನ ಆಹಾರದಲ್ಲಿ ನೀರಿನ ಅಂಶ ಶೇ 10ರ ಆಸುಪಾಸು. ಹೀಗಾಗಿ ಮೀನು-ಅನ್ನದಿಂದ ಈ ಕಾಳಿಗೆ ಬದಲಾದ ಬೆಕ್ಕು ಮೊದಲಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಅದಕ್ಕೆ ಹೆದರಬೇಕಿಲ್ಲ. ಆಹಾರ ಬದಲಾಗದೆ ನೀರು ಮಾತ್ರ ಹೆಚ್ಚಿದರೆ ಹೆದರಬೇಕು.

ಬೆಕ್ಕು ಕುಡಿಯುವ ಬಗೆಯೂ ಸೋಜಿಗದ್ದು. ನಾಯಿಯಂತೆ ನಾಲಿಗೆಯನ್ನು ಸೌಟು ಮಾಡಿ ಮೊಗೆಯುವುದಿಲ್ಲ. ನಾಲಿಗೆಯ ತುದಿ ನೀರಿನ ಮೇಲ್ಮೈಯನ್ನು ಮುಟ್ಟಿಯೂ ಮುಟ್ಟದಂತೆ ತಾಗಿ, ಚಕ್ಕನೆ ಮೇಲೆ ಹೋಗುತ್ತದೆ. ಅದರ ಹಿಂದೆ ನೀರಿನ ಸಣ್ಣ ಕಂಬವೊಂದು ಏಳುತ್ತದೆ. ಅದು ಕುಸಿಯುವ ಮೊದಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಇದು ಸೆಕೆಂಡಿಗೆ ಸುಮಾರು 4 ಬಾರಿ. ಬೆಕ್ಕು ನೀರನ್ನು ಬಾಯಿಗೆ ತರುವುದು ಹೇಗೆ ಎಂಬ ಪ್ರಶ್ನೆ, ಆಗ ಅಮೆರಿಕದ ಎಂಐಟಿಯಲ್ಲಿದ್ದ ರೋಮನ್ ಸ್ಟಾಕರ್ ಅವರಿಗೆ ತಮ್ಮ ಮನೆಯ ಬೆಕ್ಕು ನೀರು ಕುಡಿಯುವುದನ್ನು ನೋಡುತ್ತ ಕೂತಿದ್ದಾಗ ಹೊಳೆಯಿತು. ಅವರೂ ಜೊತೆಗಾರರೂ ಕಂಡುಕೊಂಡ ಉತ್ತರ 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ನೆಕ್ಕಿಗೆ ಬಾಯಿಗೆ ಬರುವುದು ಹನಿಯಷ್ಟೇ ನೀರು. ಒಂದು ಟೀ ಚಮಚದಷ್ಟು ಒಳಗಿಳಿಯಲು ನಾಲಿಗೆ ಮೂವತ್ತು ನಲವತ್ತು ಸಲ ಏರಿಳಿಯಬೇಕು. ಅಂದ ಮೇಲೆ ಬೋಗಾಣಿಯೊಂದು ರಾತ್ರೋರಾತ್ರಿ ಖಾಲಿಯಾಗಬೇಕಾದರೆ ಬೆಕ್ಕು ಎಷ್ಟು ಹೊತ್ತು ಅಲ್ಲಿ ನಿಂತಿರಬೇಕು!

> ವಿಜಯನಗರದ ಬೆಕ್ಕು
>
> ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆ ಒಂದು ಹಸು ಕೊಟ್ಟ ಕಥೆ ಕೇಳದ ಮಗುವಿಲ್ಲ. ತೆನಾಲಿ ರಾಮಕೃಷ್ಣ ಸುಡುವ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟ. ಆಮೇಲೆ ಅದು ಹಾಲು ಕಂಡರೆ ಓಡತೊಡಗಿತು. ಬಡಕಲಾದ ಬೆಕ್ಕು ಬಟ್ಟಲಿನ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂದು ರಾಯ ಕಣ್ಣಾರೆ ನೋಡಿದ್ದರಿಂದಲೇ ಕಥೆ ಮುಂದೆ ಹೋಗುವುದು.
>
> ನಿಜಕ್ಕೂ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಹೊಟ್ಟೆ ಕೆಟ್ಟು ಇರುವ ನೀರೂ ಹೋಗುತ್ತದೆ. ಹಾಲಿಟ್ಟಿದ್ದೇವೆ, ನೀರು ಬೇಕಿಲ್ಲ ಎಂಬ ಲೆಕ್ಕ ಸರಿಯಲ್ಲ.

ಒಳಹರಿವು, ಹೊರಹರಿವು

ನೀರಿನ ಲೆಕ್ಕವನ್ನು ಈ ಊರಿಗೆ ಯಾರೂ ಕಲಿಸಬೇಕಿಲ್ಲ. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಮಗ್ಗುಲಲ್ಲೇ ಬೆಳೆದ ಊರಿದು. ಇಂದಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಎಂಬುದು ಚಹಾದಂಗಡಿಯಲ್ಲೂ ಬಾಯಿಪಾಠ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದ ಮೇಲಂತೂ ಈ ಅಂಕಿಗಳನ್ನು ನೋಡದೆ ದಿನ ಶುರುವಾಗದವರು ಇದ್ದಾರೆ. ಬೆಕ್ಕು ಸಾಕಿದ ಮನೆಯಲ್ಲೂ ನೋಡಬೇಕಿರುವುದು ಅದೇ ಎರಡು ಅಂಕಿ: ಬಟ್ಟಲಿನಿಂದ ಒಳಗೆ ಹೋದದ್ದೆಷ್ಟು, ಮರಳಿಗೆ ಬಂದದ್ದೆಷ್ಟು.

ಬೆಕ್ಕಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 100 ಮಿ.ಲೀ. ದಾಟಿದರೆ ಅದನ್ನು ಅತಿ ಬಾಯಾರಿಕೆ ಎಂದು ಪಶುವೈದ್ಯಶಾಸ್ತ್ರ ಹೇಳುತ್ತದೆ. ಉಚ್ಚೆಯಲ್ಲಿ ಆ ಗಡಿ ಕಿಲೋಗೆ 50 ಮಿ.ಲೀ. ಆದರೆ 100ರವರೆಗೆ ಕಾಯಬೇಕೆಂದೇನಿಲ್ಲ. ಕಿಲೋಗೆ 50 ಮಿ.ಲೀ. ದಾಟಿ ಕುಡಿಯುತ್ತಿದೆ ಎಂದಾದರೇ ವೈದ್ಯರಿಗೆ ಹೇಳುವುದು ಒಳ್ಳೆಯದು. 4 ಕಿಲೋ ತೂಗುವ ಬೆಕ್ಕು ಎಂದುಕೊಳ್ಳಿ. ದಿನಕ್ಕೆ 200 ಮಿ.ಲೀ. ದಾಟಿದರೆ ಅನುಮಾನ, 400 ದಾಟಿದರೆ ಖಾತ್ರಿ.

ಈ ಅಂಕಿಗಳಿಗಿಂತಲೂ ನಾನು ಹೆಚ್ಚು ನಂಬುವುದು ಬದಲಾವಣೆಯನ್ನು. ನಿಮ್ಮ ಬೆಕ್ಕು ಆರೋಗ್ಯವಾಗಿದ್ದಾಗ ಎಷ್ಟು ಕುಡಿಯುತ್ತಿತ್ತು ಎಂಬುದು ಗೊತ್ತಿದ್ದರೆ, ಅದರ ಎರಡರಷ್ಟಾದ ದಿನವೇ ಎಚ್ಚರಾಗಬಹುದು. ಹಾಗಾಗಿ ಕಾಯಿಲೆ ಬಂದ ಮೇಲೆ ಅಳೆಯುವುದಕ್ಕಿಂತ, ಬೆಕ್ಕಿಗೆ ಏಳೆಂಟು ವರ್ಷವಾದಾಗಿನಿಂದ ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುವುದು ಲೇಸು.

> ಅಳೆಯುವುದು ಹೇಗೆ?
>
> ಬೆಳಿಗ್ಗೆ ಅಗಲ ಬಾಯಿಯ ಬಟ್ಟಲಿಗೆ 500 ಮಿ.ಲೀ. ನೀರು ಅಳೆದು ಹಾಕಿ. ಅಂಥದ್ದೇ ಇನ್ನೊಂದು ಬಟ್ಟಲಿಗೆ ಅಷ್ಟೇ ನೀರು ಹಾಕಿ, ಬೆಕ್ಕಿಗೆ ಸಿಗದಂತೆ ಜಾಲರಿ ಮುಚ್ಚಿ ಪಕ್ಕದಲ್ಲೇ ಇಡಿ. ನಮ್ಮ ಬೇಸಿಗೆಯಲ್ಲಿ ಬಟ್ಟಲಿನ ನೀರು ಸುಮ್ಮನೆ ಆವಿಯಾಗಿ ಹೋಗುವುದೂ ಸಾಕಷ್ಟು. ಕೃಷ್ಣಾ ಕೊಳ್ಳದ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ತುಂಗಭದ್ರಾ ಜಲಾಶಯದ ಹಂಚಿಕೆಯಲ್ಲಿ ಆವಿಗೆಂದೇ 18 ಟಿಎಂಸಿ ತೆಗೆದಿಟ್ಟಿತ್ತು!
>
> ಮರುದಿನ ಅದೇ ಹೊತ್ತಿಗೆ ಎರಡನ್ನೂ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸವೇ ಬೆಕ್ಕು ಕುಡಿದ ನೀರು. ಅದನ್ನು ಬೆಕ್ಕಿನ ತೂಕದಿಂದ ಭಾಗಿಸಿ.
>
> ಬಕೀಟು, ತೊಟ್ಟಿ, ಹೂಕುಂಡದ ತಟ್ಟೆ ಎಲ್ಲಕ್ಕೂ ಅಂದು ಮುಚ್ಚಳ ಇರಲಿ. ಮೂರು ದಿನ ಅಳೆದು ಸರಾಸರಿ ತೆಗೆಯಿರಿ. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಬೇರೆ ಬೇರೆ ಕೋಣೆ.
>
> ತೂಕಕ್ಕೆ: ಮೊದಲು ನೀವೊಬ್ಬರೇ ತಕ್ಕಡಿ ಏರಿ, ಆಮೇಲೆ ಬೆಕ್ಕನ್ನೆತ್ತಿಕೊಂಡು ಏರಿ.

ಉಚ್ಚೆಯನ್ನು ಅಳೆಯುವುದು ಅಷ್ಟು ಸುಲಭವಲ್ಲ. ಅಂಗಡಿಯ ಉಂಡೆಗಟ್ಟುವ ಮರಳು ಬಳಸುವ ಮನೆಯಲ್ಲಿ ಉಂಡೆಗಳ ಸಂಖ್ಯೆ, ಗಾತ್ರ ನೋಡಿದರೆ ತಿಳಿಯುತ್ತದೆ. ಹಿತ್ತಲಿಗೋ ಎದುರುಮನೆ ಕಟ್ಟಡದ ಮರಳಿನ ಗುಡ್ಡೆಗೋ ಹೋಗಿಬರುವ ಬೆಕ್ಕಾದರೆ ಬೇರೆ ಗುರುತುಗಳನ್ನು ಹಿಡಿಯಬೇಕು. ರಾತ್ರಿ ಬಾಗಿಲು ತೆಗೆ ಎಂದು ಹೊಸದಾಗಿ ಗೋಗರೆಯುವುದು, ಎಂದೂ ಇಲ್ಲದ್ದು ಬಚ್ಚಲಲ್ಲೋ ಹಾಸಿಗೆಯ ಮೇಲೋ ಉಚ್ಚೆ ಹೊಯ್ಯುವುದು, ಹೊಯ್ಯಲು ಕೂತದ್ದು ಏಳದಿರುವುದು. ಇಂಥದ್ದಕ್ಕೆ ಬೆಕ್ಕಿಗೆ ಏಟು ಬೀಳುವುದನ್ನು ಕಂಡಾಗ ಸಂಕಟವಾಗುತ್ತದೆ. ಅದು ಹಟ ಮಾಡುತ್ತಿಲ್ಲ, ತಡೆಯಲಾಗದೆ ಹೊಯ್ಯುತ್ತಿದೆ.

ಬಟ್ಟಲು ಎತ್ತಿಡಬೇಡಿ

ಇಲ್ಲೇ ಒಂದು ದೊಡ್ಡ ಅನಾಹುತ ನಡೆಯುವುದು. ನೀರು ಜಾಸ್ತಿ ಕುಡಿಯುತ್ತದೆ, ಅದಕ್ಕೇ ಮನೆತುಂಬ ಹೊಯ್ಯುತ್ತದೆ, ರಾತ್ರಿ ನೀರಿಡಬೇಡಿ ಎಂದು ಯಾರೋ ಹಿತವಚನ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಮನೆಯವರು ಬಟ್ಟಲು ಎತ್ತಿಡುತ್ತಾರೆ.

ಆದರೆ ನಡೆದಿರುವುದು ತಿರುವುಮುರುವು. ಬಹುಪಾಲು ಬೆಕ್ಕುಗಳಲ್ಲಿ ಉಚ್ಚೆ ಮೊದಲು ಹೆಚ್ಚಾಗಿರುತ್ತದೆ. ನೀರನ್ನು ಹಿಡಿದಿಡುವ ಶಕ್ತಿ ಕಿಡ್ನಿಗೆ ಹೋಗಿದೆ, ಇಲ್ಲವೇ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಹೊರಗೆ ಹೋಗುವಾಗ ತನ್ನೊಂದಿಗೆ ನೀರನ್ನೂ ಎಳೆದೊಯ್ಯುತ್ತಿದೆ. ಸೋರಿಹೋದದ್ದನ್ನು ತುಂಬಿಕೊಳ್ಳಲು ಬೆಕ್ಕು ಕುಡಿಯುತ್ತದೆ. ನೀರು ನಿಲ್ಲಿಸಿದರೂ ಉಚ್ಚೆ ನಿಲ್ಲುವುದಿಲ್ಲ. ಮೈಯ ನೀರು ಬತ್ತಿ, ಅಲ್ಪಸ್ವಲ್ಪ ಉಳಿದ ಕಿಡ್ನಿಯೂ ಒಂದೆರಡು ದಿನದಲ್ಲಿ ಕೈಕೊಡಬಹುದು. ಆದ್ದರಿಂದ ಅಳೆಯುವಾಗಲೂ ಸರಿ, ಆಸ್ಪತ್ರೆಗೆ ಹೊರಡುವ ದಿನವೂ ಸರಿ, ನೀರು ಸದಾ ಮುಂದಿರಲಿ.

ಕಿಡ್ನಿ ಎಂಬ ಮೌನಿ

ವಯಸ್ಸಾದ ಬೆಕ್ಕಿನ ಅತಿ ಬಾಯಾರಿಕೆಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ದೀರ್ಘಕಾಲದ ಕಿಡ್ನಿ ಕಾಯಿಲೆ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಮೂರರಲ್ಲಿ ಒಂದಕ್ಕಾದರೂ ಇದು ಬರುತ್ತದೆ ಎಂಬುದು ಸಾಮಾನ್ಯ ಅಂದಾಜು.

ನಮ್ಮ ಒಂದೊಂದು ಕಿಡ್ನಿಯಲ್ಲಿ ರಕ್ತ ಸೋಸುವ ಸೂಕ್ಷ್ಮ ಘಟಕಗಳು, ಅಂದರೆ ನೆಫ್ರಾನ್‌ಗಳು, ಸುಮಾರು 10 ಲಕ್ಷ. ಬೆಕ್ಕಿನದರಲ್ಲಿ 2 ಲಕ್ಷದ ಆಸುಪಾಸು. ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಉಳಿದವು ಸತ್ತವುಗಳ ಕೆಲಸವನ್ನೂ ಹೊತ್ತು ನಡೆಸುವುದರಿಂದ ಹೊರಗೆ ಏನೂ ಗೊತ್ತಾಗುವುದಿಲ್ಲ. ಮೂರರಲ್ಲಿ ಎರಡು ಪಾಲು ಹೋದಾಗ ಉಚ್ಚೆಯನ್ನು ಗಾಢ ಮಾಡುವ ಶಕ್ತಿ ಕುಂದುತ್ತದೆ, ಬಾಯಾರಿಕೆ ಶುರುವಾಗುತ್ತದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರುವುದು ಇನ್ನೂ ತಡ, ನಾಲ್ಕರಲ್ಲಿ ಮೂರು ಪಾಲು ಹೋದ ಮೇಲೆ.

ಅಂದರೆ ಎಷ್ಟೋ ಸಲ ಲ್ಯಾಬಿನ ಚೀಟಿಗಿಂತ ಮೊದಲು ಬಟ್ಟಲೇ ಹೇಳಿರುತ್ತದೆ. ನನಗೆ ಈ ವಿಷಯ ಇಷ್ಟು ಮುಖ್ಯ ಎನಿಸಲು ಇದೇ ಕಾರಣ.

ಬೇಗ ಗೊತ್ತಾದರೆ ಆಗುವ ಲಾಭವೇನು? ಬೆಕ್ಕಿನ ಕಿಡ್ನಿ ಕಾಯಿಲೆಯನ್ನು ವೈದ್ಯರು ನಾಲ್ಕು ಹಂತಗಳಾಗಿ ಗುರುತಿಸುತ್ತಾರೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎರಡನೇ ಹಂತದ ಕೊನೆಯಲ್ಲಿ ಪತ್ತೆಯಾದ ಬೆಕ್ಕುಗಳಲ್ಲಿ ಅರ್ಧದಷ್ಟು ಆಮೇಲೆ 1,151 ದಿನ ದಾಟಿ ಬದುಕಿದವು. ಮೂರನೇ ಹಂತದಲ್ಲಿ ಅದು 778 ದಿನ. ನಾಲ್ಕನೇ ಹಂತಕ್ಕೆ ಬಂದಾಗ ಗೊತ್ತಾದವಕ್ಕೆ ದಕ್ಕಿದ್ದು 103 ದಿನ.

ಜಪಾನಿನಲ್ಲಿ ತೋರು ಮಿಯಾಜಾಕಿ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿದ್ದಾರೆ. ಕಿಡ್ನಿಯಲ್ಲಿ ಕಟ್ಟಿಕೊಂಡ ಕಸವನ್ನು ತೆಗೆಸುವ ಎಐಎಂ ಎಂಬ ಪ್ರೋಟೀನು ಬೆಕ್ಕಿನ ರಕ್ತದಲ್ಲಿ ಇದ್ದರೂ ಕೆಲಸಕ್ಕೆ ಬಿಡುಗಡೆಯಾಗುವುದಿಲ್ಲ ಎಂಬುದು ಅವರ ಶೋಧ. ಹಣವಿಲ್ಲದೆ ಕೆಲಸ ನಿಂತಿದೆ ಎಂಬ ಸುದ್ದಿ 2021ರಲ್ಲಿ ಹರಡಿದಾಗ ಬೆಕ್ಕು ಸಾಕಿದ ಸಾಮಾನ್ಯ ಜನರೇ ಕೋಟಿಗಟ್ಟಲೆ ಯೆನ್ ದೇಣಿಗೆ ಕಳಿಸಿದರು.

ಇರುವೆ ಮುತ್ತಿದ ಮೂಲೆ

ಸಕ್ಕರೆ ಕಾಯಿಲೆಯ ಉಚ್ಚೆಗೆ ಇರುವೆ ಮುತ್ತುತ್ತವೆ ಎಂಬುದನ್ನು ನಮ್ಮ ಆಯುರ್ವೇದದ ಹಳಬರು ಕಂಡುಕೊಂಡಿದ್ದರು. ಬೆಕ್ಕಿನ ವಿಷಯದಲ್ಲೂ ಆ ಮಾತು ಸುಳ್ಳಲ್ಲ. ಬೆಕ್ಕು ಹೊಯ್ದ ಜಾಗಕ್ಕೆ ಇರುವೆ ಸಾಲು ಹಿಡಿದಿದ್ದರೆ, ನೆಲ ಆರಿದ ಮೇಲೆ ಜಿಗುಟಾಗಿದ್ದರೆ, ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಸಾಮಾನ್ಯವಾಗಿ ಇದು ನಡುವಯಸ್ಸು ದಾಟಿದ, ಮೈ ಬೆಳೆಸಿಕೊಂಡ, ಸಂತಾನಹರಣ ಆದ ಗಂಡು ಬೆಕ್ಕುಗಳಿಗೆ ಬರುತ್ತದೆ. ತಿನ್ನುವುದು ಕಡಿಮೆಯಾಗದೆ ಮೈ ಇಳಿಯುತ್ತದೆ. ಕಪಾಟಿನ ಮೇಲೆ ಹಾರುತ್ತಿದ್ದ ಬೆಕ್ಕು ಕುರ್ಚಿಗೂ ಹಾರದಾಗುತ್ತದೆ. ಹಿಂಗಾಲನ್ನು ಎಂದಿನಂತೆ ಬೆರಳ ಮೇಲೆ ಊರದೆ ಹಿಮ್ಮಡಿಯವರೆಗೂ ನೆಲಕ್ಕೆ ತಾಗಿಸಿ, ಮೊಲದಂತೆ ನಡೆಯತೊಡಗಿದರೆ ನರಗಳಿಗೂ ಪೆಟ್ಟಾಗಿದೆ ಎಂದರ್ಥ.

ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಬೇಗನೆ ಇನ್ಸುಲಿನ್ ಶುರುಮಾಡಿ, ಅನ್ನ-ರೊಟ್ಟಿ ಕಡಿಮೆ ಮಾಡಿ ಮಾಂಸದಾಹಾರ ಕೊಟ್ಟರೆ ಕೆಲವು ಬೆಕ್ಕುಗಳು ತಿಂಗಳುಗಳಲ್ಲಿ ಇನ್ಸುಲಿನ್ನೇ ಬೇಡದಷ್ಟು ಸುಧಾರಿಸುತ್ತವೆ.

ಮೂರನೆಯದು ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ. ಬೆಕ್ಕುಗಳಲ್ಲಿ ಇದನ್ನು ಮೊದಲು ವಿವರಿಸಿದ್ದು 1979ರಲ್ಲಿ, ನ್ಯೂಯಾರ್ಕಿನಲ್ಲಿ. ಮುದಿ ಬೆಕ್ಕು ಇದ್ದಕ್ಕಿದ್ದಂತೆ ಮರಿಯ ಹುರುಪಿನಿಂದ ಓಡಾಡುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ, ರಾತ್ರಿ ಕೂಗುತ್ತದೆ. ಬೆನ್ನೆಲುಬು ಮಾತ್ರ ದಿನದಿನಕ್ಕೆ ಕೈಗೆ ಹತ್ತುತ್ತದೆ. ಇದಕ್ಕೆ ಮಾತ್ರೆಗಳಿವೆ.

ಸಂತಾನಹರಣ ಆಗದ ಹೆಣ್ಣು ಬೆಕ್ಕು ಬೆದೆಗೆ ಬಂದುಹೋದ ಕೆಲವು ವಾರಗಳ ಮೇಲೆ ನೀರಿಗೆ ಮುಗಿಬಿದ್ದರೆ, ಮಂಕಾಗಿ ಊಟ ಬಿಟ್ಟರೆ, ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಕೀವು ಕಾಣಿಸಲೇಬೇಕೆಂದಿಲ್ಲ. ಇದು ನಾಳೆಗೆ ಬಿಡುವ ಕೆಲಸವಲ್ಲ, ಶಸ್ತ್ರಚಿಕಿತ್ಸೆಯೇ ಆಗಬೇಕು. ಕೆರೆತಕ್ಕೆಂದು ಹಾಕಿದ ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದಲೂ ಬಾಯಾರಿಕೆ ಹೆಚ್ಚುತ್ತದೆ. ಹಿಂದೆ ಯಾವ ಔಷಧ ಕೊಟ್ಟಿದ್ದರೂ ಅದರ ಚೀಟಿ ಕೈಯಲ್ಲಿರಲಿ.

> ಇದು ಬೇರೆ, ಇದಕ್ಕೆ ಗಂಟೆಗಳ ಗಡುವು
>
> ಗಂಡು ಬೆಕ್ಕು ಪದೇ ಪದೇ ಮರಳಿಗೆ ಹೋಗಿ ಕೂತು ತಿಣುಕುತ್ತಿದೆ, ಕೂಗುತ್ತಿದೆ, ಬರುವುದು ಹನಿ ಅಥವಾ ಏನೂ ಇಲ್ಲ. ಇದು ಹೆಚ್ಚು ಉಚ್ಚೆಯಲ್ಲ, ಮೂತ್ರನಾಳ ಕಟ್ಟಿಕೊಂಡಿರುವುದು. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ರಾತ್ರಿಯಾದರೂ ವೈದ್ಯರನ್ನು ಹುಡುಕಿ ಹೊರಡಿ.

> ಮನೆಮದ್ದು ಬೇಡ
>
> ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. 500 ಮಿ.ಗ್ರಾಂ.ನ ಒಂದೇ ಮಾತ್ರೆ ಸಾಕು, ರಕ್ತ ಆಮ್ಲಜನಕ ಹೊರಲಾರದಂತಾಗುತ್ತದೆ. ಮನುಷ್ಯರ ನೋವಿನ ಮಾತ್ರೆಗಳು ಕಿಡ್ನಿಗೆ ಪೆಟ್ಟು. ಮದುವೆ ಮನೆಯಿಂದ ತಂದ ಬೊಕೆಯಲ್ಲಿ ಲಿಲಿ ಹೂವಿದ್ದರೆ ಒಳಗೆ ತರಬೇಡಿ. ಮೈಗಂಟಿದ ಅದರ ಪರಾಗವನ್ನು ನೆಕ್ಕಿಕೊಂಡರೂ ಬೆಕ್ಕಿನ ಕಿಡ್ನಿ ಕೆಡುತ್ತದೆ.

ಎತ್ತು ಕಟ್ಟುವ ಕಂಬದ ಪಕ್ಕ ಬೆಕ್ಕಿನ ಬುಟ್ಟಿ

ನಮ್ಮ ಕಡೆಯ ಪಶು ಆಸ್ಪತ್ರೆಗಳು ಎತ್ತು, ಎಮ್ಮೆ, ಕುರಿಗಳಿಗಾಗಿ ಕಟ್ಟಿದವು. ಬೆಕ್ಕಿಗೇನು ಆಸ್ಪತ್ರೆ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ಸಂಕೋಚ ಬೇಡ. ಬೆಕ್ಕಿನ ಹೊಟ್ಟೆ ಮುಟ್ಟಿ ಕಿಡ್ನಿ ಕುಗ್ಗಿದೆಯೋ ಊದಿದೆಯೋ ಹೇಳುವುದು ಪಶುವೈದ್ಯರಿಗೆ ಗೊತ್ತಿದೆ. ಸರ್ಕಾರದ ಪಶು ಸಹಾಯವಾಣಿಯ ಸಂಖ್ಯೆ 1962. ಹೆಚ್ಚಿನ ತಪಾಸಣೆ ಬೇಕೆಂದಾದರೆ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ನಡೆದುಬಂದ ಕಾಲೇಜು ಇದೆ.

ಮೊದಲ ಪರೀಕ್ಷೆಗೆ ಒಂದು ಹನಿ ಉಚ್ಚೆ ಸಾಕು. ರಿಫ್ರಾಕ್ಟೋಮೀಟರ್ ಎಂಬ ಗೇಣುದ್ದದ ಉಪಕರಣದ ಗಾಜಿನ ಮೇಲೆ ಹನಿಯಿಟ್ಟು ಬೆಳಕಿಗೆ ಹಿಡಿದರೆ ಉಚ್ಚೆ ಎಷ್ಟು ಗಾಢ ಎಂದು ತೋರಿಸುತ್ತದೆ. ಆರೋಗ್ಯವಂತ ಬೆಕ್ಕಿನದು 1.035 ಮೀರಿರುತ್ತದೆ. ಜೊತೆಗೆ ಉಚ್ಚೆಯಲ್ಲಿ ಸಕ್ಕರೆ ಇದೆಯೇ ಎಂದು ಪಟ್ಟಿ ಅದ್ದಿ ನೋಡುತ್ತಾರೆ. ಆಮೇಲೆ ರಕ್ತದ ಸರದಿ: ಕ್ರಿಯಾಟಿನಿನ್, ಯೂರಿಯಾ, ರಂಜಕ, ಸಕ್ಕರೆ, ವಯಸ್ಸಾಗಿದ್ದರೆ ಥೈರಾಯ್ಡ್. ಸಾಧ್ಯವಿದ್ದಲ್ಲಿ ರಕ್ತದೊತ್ತಡವನ್ನೂ ನೋಡುತ್ತಾರೆ.

ಎರಡು ವಿಷಯ ಗೊತ್ತಿರಲಿ. ಮನುಷ್ಯರ ಲ್ಯಾಬಿಗೆ ರಕ್ತ ಕಳಿಸಿದರೆ ವರದಿಯ ಪಕ್ಕದಲ್ಲಿ ಅಚ್ಚಾಗಿ ಬರುವ 'ಸರಿಯಾದ ಪ್ರಮಾಣ' ನಮ್ಮದು, ಬೆಕ್ಕಿನದಲ್ಲ. ಬೆಕ್ಕಿನ ಕ್ರಿಯಾಟಿನಿನ್ ಎಣಿಕೆಯಲ್ಲಿ 1.6ರಿಂದ 2.8ರವರೆಗೆ ಎರಡನೇ ಹಂತ, 5 ದಾಟಿದರೆ ನಾಲ್ಕನೆಯದು. ಇನ್ನೊಂದು, ಚೀಲದಲ್ಲಿ ಕೂತು ಆಟೋದಲ್ಲಿ ಬಂದ ಬೆಕ್ಕಿನ ರಕ್ತದಲ್ಲಿ ಹೆದರಿಕೆಯಿಂದಲೇ ಸಕ್ಕರೆ ಏರಿರುತ್ತದೆ. ಒಂದೇ ಸಲದ ಅಂಕಿ ನೋಡಿ ಸಕ್ಕರೆ ಕಾಯಿಲೆ ಎಂದು ತೀರ್ಮಾನಿಸಲಾಗದು. ಹಿಂದಿನ ಎರಡು ಮೂರು ವಾರಗಳ ಸರಾಸರಿ ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆ ಇರುವುದು ಇದಕ್ಕೇ.

ಮನೆಯಲ್ಲಿ ನಡೆಯುವ ಚಿಕಿತ್ಸೆ

ಕಿಡ್ನಿ ಕಾಯಿಲೆಯ ಬೆಕ್ಕಿಗೆ ರಂಜಕ ಕಡಿಮೆಯಿರುವ ವಿಶೇಷ ಆಹಾರವೇ ಮುಖ್ಯ ಔಷಧ. ಒಂದೇ ದಿನ ಬದಲಿಸಿದರೆ ಬೆಕ್ಕು ಮೂತಿ ತಿರುಗಿಸುತ್ತದೆ. ಹಳೆಯದರಲ್ಲಿ ಚೂರುಚೂರೇ ಬೆರೆಸುತ್ತ ವಾರಗಟ್ಟಲೆ ತೆಗೆದುಕೊಳ್ಳಿ, ಉಪವಾಸ ಮಾತ್ರ ಕೆಡವಬೇಡಿ. ಮೀನು ಬೇಯಿಸಿದ ಉಪ್ಪಿಲ್ಲದ ನೀರನ್ನು ಆಹಾರಕ್ಕೆ ಕಲಸಬಹುದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಂತೂ ಬೇಡವೇ ಬೇಡ, ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ.

ಕುಡಿದದ್ದು ಸಾಲದೆ ಮೈ ಬತ್ತುವ ಹಂತದಲ್ಲಿ ವೈದ್ಯರು ಚರ್ಮದಡಿಗೆ ಸಲೈನ್ ಹಾಕುವುದನ್ನು ಮನೆಯವರಿಗೇ ಕಲಿಸುತ್ತಾರೆ. ಹೆಗಲ ಬಳಿಯ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ, ಆ ಡೇರೆಯ ಬುಡಕ್ಕೆ ಸೂಜಿ ಹಾಕುವುದು. ಬಾಟಲಿಯನ್ನು ಕಿಟಕಿಯ ಸರಳಿಗೆ ನೇತುಹಾಕಿದರಾಯಿತು. ಮೊದಲ ಸಲ ಕೈ ನಡುಗುತ್ತದೆ. ಹೆಚ್ಚಿನ ಬೆಕ್ಕುಗಳು ಮುಂದೆ ತಟ್ಟೆಯಲ್ಲಿ ಏನಾದರೂ ಇದ್ದರೆ ಸುಮ್ಮನೆ ಕೂರುತ್ತವೆ.

ಇನ್ಸುಲಿನ್ನಿನಲ್ಲಿ ಒಂದು ಎಚ್ಚರಿಕೆ. ನಮ್ಮ ಔಷಧಂಗಡಿಗಳಲ್ಲಿ ಸಿಗುವ ಬಾಟಲಿಗಳು ಒಂದು ಮಿ.ಲೀ.ಗೆ 40 ಯೂನಿಟ್‌ನವೂ ಇವೆ, 100 ಯೂನಿಟ್‌ನವೂ ಇವೆ. ಎರಡಕ್ಕೂ ಸಿರಿಂಜ್ ಬೇರೆ. 40ರ ಸಿರಿಂಜಿನಲ್ಲಿ 100ರ ಔಷಧ ಎಳೆದರೆ ಎರಡೂವರೆ ಪಟ್ಟು ಔಷಧ ಹೋಗಿ ಬೆಕ್ಕು ಸಕ್ಕರೆ ಇಳಿದು ಸತ್ತೇ ಹೋಗಬಹುದು. ಬಾಟಲಿಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಮಧ್ಯಾಹ್ನ ಕರೆಂಟು ಹೋಗುವ ಬೇಸಿಗೆಯಲ್ಲಿ ಫ್ರಿಜ್ಜಿನ ಬಾಗಿಲು ಪದೇ ಪದೇ ತೆಗೆಯದಂತೆ ಮನೆಮಂದಿಗೆಲ್ಲ ಹೇಳಿಡಿ.

ಬೇಸಿಗೆ ರಜೆ, ಜಾತ್ರೆ, ಮದುವೆ ಎಂದು ಊರಿಗೆ ಹೊರಡುವಾಗ ಬೆಕ್ಕಿಗೆ ಒಂದು ಬೋಗಾಣಿ ನೀರಿಟ್ಟು ಬೀಗ ಹಾಕುವುದು ನಮ್ಮ ವಾಡಿಕೆ. ಈ ಕಾಯಿಲೆಗಳಿದ್ದ ಬೆಕ್ಕಿಗೆ ಅದು ಒಂದು ದಿನಕ್ಕೂ ಸಾಲುವುದಿಲ್ಲ. ಮಗುಚಿ ಬಿದ್ದರೆ ಅದೂ ಇಲ್ಲ. ಭಾರದ ಬಟ್ಟಲುಗಳನ್ನು ಮೂರು ನಾಲ್ಕು ಕಡೆ ನೆರಳಲ್ಲಿಡಿ, ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಬೆಳಿಗ್ಗೆ ಸಂಜೆ ನೋಡಲು ಹೇಳಿ. ತುಂಬಿಸುವ ಮುಂಚೆ ಎಷ್ಟು ಉಳಿದಿತ್ತು ಎಂದು ಒಂದು ಚೀಟಿಯಲ್ಲಿ ಬರೆದಿಡುವಂತೆಯೂ ಹೇಳಿ.